ಫೋಟೋದ ಗಿಡ, ದಂಡಿಯ ಗಿಡ

ಜುಲೈ ಬಂತಂದ್ರ ನಮ್ಮ ತೇರಣಾ ಹೊಳಿ ದಂಡಿಗೆ ಜೀಪುಗಳು ಬರ್ತಾವ. ಬ್ಯಾನರ್ ಕಟ್ಟತಾರ, ಕಾಯಿ ಒಡೀತಾರ, ಕಾಲೇಜಿನ ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಸಸಿ ಕೊಡ್ತಾರ. ಫೋಟೋ ಆಗ್ತದ, ಚಹಾ ಆಗ್ತದ, ಜೀಪು ಹೋಗ್ತಾವ. ಮುಂದಿನ ವರ್ಷ ಅದೇ ತಗ್ಗಿನೊಳಗ ಮತ್ತೊಂದು ಸಸಿ. ಇದನ್ನು ದಂಡೆಯ ಉದ್ಧಾರ ಎಂದು ಕರೆಯುವುದಕ್ಕೆ ನನ್ನ ತಕರಾರು ಇದೆ.

ತಕರಾರು ಹುಡುಗರ ಮೇಲಲ್ಲ. ಅವರನ್ನು ಬಳಸಿಕೊಳ್ಳುವವರ ಮೇಲೆ. ಹೋದ ಸಲ ಒಬ್ಬಾಕಿ ಹುಡುಗಿ ಸಸಿ ನೆಟ್ಟು ಎದ್ದು ನಿಂತು ಕೇಳಿದಳು: "ಕಾಕಾ, ಬ್ಯಾಸಿಗ್ಯಾಗ ಇದಕ್ಕ ನೀರು ಯಾರು ಹಾಕ್ತಾರ್ರಿ?" ಅಲ್ಲಿದ್ದ ದೊಡ್ಡವರೊಬ್ಬರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಲೆಕ್ಕಕ್ಕೇನೂ ಕಡಿಮೆ ಇಲ್ಲ. ನಮ್ಮ ರಾಜ್ಯ ಸರಕಾರ ಗಿಡ ಹಚ್ಚಲು 2016ರಲ್ಲಿ 2 ಕೋಟಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಎಂದು ಗುರಿ ಇಟ್ಟಿತ್ತು. ಗುರಿ ಏರಿದಂಗ ತಗ್ಗು ತೋಡುವವರ ಕೈ ಏರಿತು. ಉಳಿದದ್ದೆಷ್ಟು ಎಂದು ನೋಡಲು ನಮ್ಮ ದಂಡಿಗೆ ಯಾರೂ ತಿರುಗಿ ಬರಲಿಲ್ಲ. ತಂದ ಸಸಿಗಳಾದರೂ ಯಾವುವು? ಗುಲ್‌ಮೊಹರ್ ಮಡಗಾಸ್ಕರದ್ದು, ಗಿರಿಪುಷ್ಪ ಮತ್ತು ಸುಬಾಬುಲ್ ಮಧ್ಯ ಅಮೆರಿಕದ ಕಡೆಯವು. ರಸ್ತೆ ಬದಿಗೆ ಇರಲಿ, ಬೇಡವೆನ್ನುವುದಿಲ್ಲ. ಮಳೆಗಾಲದಾಗ ನಾಲ್ಕು ದಿನ ನೀರಿನೊಳಗ ಮುಳುಗಿ, ಬೇಸಿಗೆಯಾಗ ನಾಲ್ಕು ತಿಂಗಳು ಒಣಗುವ ಹೊಳಿ ದಂಡಿಗೆ ಇವೇ ಬೇಕಾಗಿದ್ದವೇನು?

ದಂಡಿ ಎಂದರೆ ಮೂರು ಅಂತಸ್ತಿನ ಮನೆ ಇದ್ದಂಗ. ನೀರಿಗೆ ಹತ್ತಿರ ಜೇಕು, ಕರಿಕಿ. ಅದರ ಮೇಲೆ ಲಕ್ಕಿ ಪೊದೆ. ಎಲ್ಲಕ್ಕಿಂತ ಮೇಲೆ ಹೊಳೆಮತ್ತಿ, ನೇರಲ, ಹುಲಗಲ, ಅತ್ತಿ, ಜಾಲಿ. ಹುಲ್ಲಿನ ಬೇರು ಮೇಲ್ಮಣ್ಣು ಹಿಡೀತದ, ಪೊದೆ ನೀರಿನ ರಭಸ ಮುರೀತದ, ಮರದ ಬೇರು ಒಳಗಿನ ಮಣ್ಣು ಕಟ್ಟತದ. ಕೆಳಗಿನ ಎರಡು ಅಂತಸ್ತು ಕೆತ್ತಿ ಒಗೆದು ಮೇಲೊಂದು ಸಸಿ ಹಚ್ಚಿದರೆ ಮೊದಲ ಮಹಾಪೂರಕ್ಕೆ ಸಸಿಯೂ ಹೋಗ್ತದ, ಮಣ್ಣೂ ಹೋಗ್ತದ.

ಕೆತ್ತಿದವರು ಯಾರು? ಜಲಯುಕ್ತ ಶಿವಾರ ಯೋಜನೆ ಬಂದ ಮೇಲೆ ನಾಲಾ ಆಳ ಮಾಡುವ ಹೆಸರಿನಾಗ ಜೆಸಿಬಿ ದಂಡಿ ಬೋಳಿಸಿದ್ದನ್ನು ನಾನು ನೋಡೀನಿ. ಆದರೆ ಜೆಸಿಬಿಗಿಂತ ಮೊದಲು ಕುಡಗೋಲು ಹಿಡಿದವನು ನಾನೇ. ಎರಡು ಸಾಲು ಸೋಯಾ ಹೆಚ್ಚಿಗೆ ಬಿತ್ತಬೇಕೆಂಬ ಆಸೆಗೆ ಅಪ್ಪ ಬಿಟ್ಟಿದ್ದ ಲಕ್ಕಿ ಬೇಲಿ ಕಡಿದೆ. ಆಮೇಲಿನ ಮಹಾಪೂರಗಳೊಳಗ ಹೊಲದ ಎರಡು ಗುಂಟೆ ಮಣ್ಣು ಹೊಳಿಪಾಲಾಯಿತು. ಎರಡು ಸಾಲಿನ ಆಸೆಗೆ ಎರಡು ಗುಂಟೆ ದಂಡ.

2016ರ ಏಪ್ರಿಲ್ ನೆನಪಿದೆಯಲ್ಲ? ಮೀರಜದಿಂದ ಲಾತೂರಿಗೆ ರೈಲಿನ ಮೇಲೆ ಕುಡಿಯುವ ನೀರು ಬಂತು. ಮೊದಲ ಸಲ ಹತ್ತು ವ್ಯಾಗನ್, ಸುಮಾರು ಐದು ಲಕ್ಷ ಲೀಟರ್. ಅದೇ ವರ್ಷ ಮಳೆಗಾಲದ ಕೊನೆಗೆ ಮಾಂಜರಾ ತುಂಬಿ ಹರಿಯಿತು. ನೀರಿಲ್ಲದ ಊರಿಗೆ ಬಂದ ನೀರನ್ನು ನಿಧಾನ ಮಾಡಿ ಒಳಗ ಇಳಿಸುವುದು ದಂಡಿಯ ಕೆಲಸ. ಬೋಳು ದಂಡಿ ಅದನ್ನು ಓಡಿಸಿ ಕಳಿಸ್ತದ, ಜೊತೆಗೆ ನಮ್ಮ ಮಣ್ಣನ್ನೂ. ಆ ಮಣ್ಣು ಹೋಗುವುದೆಲ್ಲಿಗೆ? ತೇರಣಾ ಔರಾದ್ ಶಹಾಜನಿ ಹತ್ತಿರ ಮಾಂಜರಾ ಕೂಡಿ ಬೀದರ ಜಿಲ್ಲೆಗೆ ಇಳೀತದ. 1956ರ ತನಕ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯಾಗೇ ಇದ್ದವು. ಈಗ ರಾಜ್ಯ ಎರಡಾದರೂ ಅಲ್ಲಿ ತುಂಬುವ ಹೂಳು ಇಲ್ಲಿಯದೇ.

"ಏನೂ ಮಾಡದವರಿಗಿಂತ ಒಂದು ಗಿಡ ಹಚ್ಚಿದವರು ಛಲೋ ಅಲ್ಲೇನ್ರಿ?" ಎಂದು ಗುರುಗಳೊಬ್ಬರು ಕೇಳಿದರು. ಅಲ್ಲ, ಗುರುಗಳೇ. ಕೆಲಸ ಆಗಿಲ್ಲದಿದ್ದರೂ ಆಯಿತು ಅನ್ನಿಸುವಂತೆ ಮಾಡ್ತದಲ್ಲ, ಅದೇ ಕೇಡು. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ವರ್ಷಕ್ಕೆ 120 ತಾಸಿನಂತೆ ಎರಡು ವರ್ಷ ಸೇವೆ ಮಾಡಬೇಕು. 50 ಹುಡುಗರೆಂದರೆ ವರ್ಷಕ್ಕೆ 6,000 ತಾಸು! ಅದನ್ನು ಭಾಷಣ, ಮೆರವಣಿಗೆಗೆ ಕಳೆಯುವ ಬದಲು ಒಂದು ಕಾಲೇಜಿಗೆ ಅರ್ಧ ಕಿಲೋಮೀಟರ್ ದಂಡಿ ಒಪ್ಪಿಸಿಕೊಡ್ರಿ. ಹಳೇ ತಂಡ ಹೋಗುವಾಗ ಹೊಸ ತಂಡಕ್ಕೆ ದಂಡಿ ತೋರಿಸಿ ಹೋಗಲಿ.

ಕೆಲಸಕ್ಕೆ ಹೊತ್ತು ಗೊತ್ತು ಇದೆ. ಚಳಿಗಾಲದ ಏಳು ದಿನದ ಶಿಬಿರದಾಗ ಸಸಿ ಹಚ್ಚಬ್ಯಾಡ್ರಿ, ಬಳ್ಳಾರಿ ಜಾಲಿ ತೆಗೀರಿ. ಮೇಲೆ ಕಡಿದರೆ ಮತ್ತೆ ಚಿಗೀತದ, ಬುಡ ಸಮೇತ ಕೀಳಬೇಕು. ಒಮ್ಮೆಲೇ ಎಲ್ಲ ಕಿತ್ತರೆ ದಂಡಿ ಸಡಿಲಾಗ್ತದ, ಆದ್ದರಿಂದ ಪಟ್ಟಿ ಪಟ್ಟಿಯಾಗಿ. ಬೇಶರಮ್ ಗಿಡ ಕಡಿದರೆ ತುಂಡನ್ನು ನೀರಿಗೆ ಒಗೀಬ್ಯಾಡ್ರಿ, ಕೆಳಗಿನ ಊರಿನಾಗ ಬೇರು ಬಿಡ್ತದ. ಬೇಸಿಗೆಯಾಗ ಹುಲಗಲ, ಜಾಲಿ ಬೀಜ ಕೂಡಿಸಿರಿ. ನೇರಲ ಬೀಜ ಮಾತ್ರ ಹಣ್ಣು ತಿಂದ ಕೂಡಲೇ ಊರಬೇಕು, ಇಟ್ಟರೆ ಕೆಡ್ತದ. ಮೊದಲ ಮಳೆಗೆ ಲಕ್ಕಿ ಕಡ್ಡಿ ಚುಚ್ಚಿರಿ. ಆಡು ಅದಕ್ಕ ಬಾಯಿ ಹಾಕೂದಿಲ್ಲ.

ಇಷ್ಟೆಲ್ಲ ನಾನು ಪುಸ್ತಕದಾಗ ಓದಿದ್ದಲ್ಲ. ನಮ್ಮ ಅವ್ವನಂಥವರು ಹೇಳಿದ್ದು. ಶಾಲೆಯಾಗ ಮರಾಠಿ ಕಲಿತ ನಮ್ಮ ಹುಡುಗರಿಗೆ ನಿರಗುಡಿ ಗೊತ್ತು, ಕರಂಜ ಗೊತ್ತು. ಅವೇ ಮನೆಯ ಲಕ್ಕಿ, ಹುಲಗಲ ಎಂದು ಗೊತ್ತಿಲ್ಲ. ಹೆಸರು ತಪ್ಪಿದರೆ ಅಜ್ಜಿಯನ್ನು ಏನಂತ ಕೇಳಬೇಕು? ಅದಕ್ಕೇ ಶಿಬಿರದ ಮೊದಲ ದಿನ ಅಧ್ಯಕ್ಷರ ಭಾಷಣ ಬೇಡ. ಊರ ಇಬ್ಬರು ಮುದುಕಿಯರನ್ನು ದಂಡಿಗೆ ಕರಕೊಂಡು ಹೋಗ್ರಿ, ಗಿಡದ ಹೆಸರು ಎರಡೂ ಭಾಷೆಯಾಗ ಬರಕೋರ್ರಿ. ಆ ವಹಿ ಈ ವಾಚನಾಲಯದಾಗ ಇರಲಿ.

ನನ್ನ ಹೊಲದ ದಂಡಿಗುಂಟ ಹತ್ತು ಹೆಜ್ಜೆ ಜಾಗ ಬಿಟ್ಟೀನಿ, ಅಲ್ಲಿ ಇನ್ನು ನೇಗಿಲು ಹೊಡಿಯೂದಿಲ್ಲ. ಬರುವ ಹುಡುಗರು ಗುದ್ದಲಿ ತರ್ರಿ. ಬ್ಯಾನರ್ ಮನ್ಯಾಗ ಇಟ್ಟು ಬರ್ರಿ.