ನಿರಾಕ್ಷೇಪಣೆಯ ಪ್ರಸಂಗ

'ನಿರಾಕ್ಷೇಪಣಾ ಪತ್ರ'ವೆಂಬ ಒಂದು ಶಬ್ದವು ನಮ್ಮ ಭಾಷೆಯಲ್ಲಿ ಉಂಟು. ಯಾರೋ ಪಂಡಿತರು ಕುಳಿತು ಕಟ್ಟಿದ ಶಬ್ದವಿರಬೇಕು. ಶಹಾಪುರದ ಬಾಜಾರಿನಲ್ಲಿ ಇದನ್ನು ಉಚ್ಚರಿಸಿದರೆ ತಿಳಿಯುವವರು ವಿರಳ. 'ಎನ್‌ಓಸಿ' ಎಂದರೆ ಪಾನಪಟ್ಟಿ ಅಂಗಡಿಯ ಹುಡುಗನಿಗೂ ತಿಳಿಯುತ್ತದೆ. "ಇದಕ್ಕೆ ನಮ್ಮ ಅಡ್ಡಿ ಏನೂ ಇಲ್ಲ" ಎಂದು ಒಂದು ಕಚೇರಿಯು ಮತ್ತೊಂದು ಕಚೇರಿಗೆ ಹೇಳುವ ಕಾಗದ ಅದು. ಅಡ್ಡಿ ಇಲ್ಲವೆಂದು ಬರೆಸಿಕೊಳ್ಳುವುದಕ್ಕೆ ಎಷ್ಟು ಅಡ್ಡಿಗಳನ್ನು ದಾಟಬೇಕಾಗುತ್ತದೆಂಬುದನ್ನು ಕಳೆದ ಹನ್ನೊಂದು ತಿಂಗಳಿಂದ ಕಣ್ಣಾರೆ ಕಾಣುತ್ತಿರುವ ನಾನು, ಈ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗ ವಸಂತವರ್ಣನೆಯನ್ನಾಗಲಿ ಗೆಳೆತನದ ಮಹಿಮೆಯನ್ನಾಗಲಿ ಬರೆಯಲಾರದೆ ಇದನ್ನೇ ಬರೆದಿದ್ದೇನೆ. ಗುರುಗಳೂ ಸಹಪಾಠಿಗಳೂ ಮನ್ನಿಸಬೇಕು.

ನಮ್ಮ ಕಾಕಾ ಹೈದರಾಬಾದಿನಲ್ಲಿ ಹದಿನಾಲ್ಕು ವರ್ಷ ಟೈಲ್ಸ್ ಹಾಸುವ ಮೇಸ್ತ್ರಿಯಾಗಿದ್ದ. ನಮ್ಮ ಜಿಲ್ಲೆಯಿಂದ ಗುಳೆ ಹೋಗುವುದು ಹೊಸ ಸುದ್ದಿಯೇನಲ್ಲ. ಮಳೆ ಕೈಕೊಟ್ಟ ವರ್ಷ ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆಗಳೊಡನೆ ಕುಳಿತ ಸಂಸಾರಗಳನ್ನು ನಮ್ಮಲ್ಲಿ ನೋಡದವರಾರು? ಹೋದವರಲ್ಲಿ ಕೆಲವರು ಅಲ್ಲಿಯೇ ಉಳಿಯುತ್ತಾರೆ, ಹಲವರು ಬರಿಗೈಲಿ ಮರಳುತ್ತಾರೆ. ಕಾಕಾ ಒಂದು ಕೆಲಸ ಕಲಿತು, ಒಂದು ಮೋಟಾರು ಕೊಂಡು ಮರಳಿದ. 2017ರ ಹಳೆಯ ಕಾರು ಅದು. ಅವನು ಕೆಲಸ ಮಾಡುತ್ತಿದ್ದ ಗುತ್ತೇದಾರನೇ ಅದರ ಮಾಲೀಕ. ಕೊಡಬೇಕಾಗಿದ್ದ ಕೂಲಿಯಲ್ಲಿ ಒಂದಿಷ್ಟು ಹಿಡಿದುಕೊಂಡು, ಉಳಿದದ್ದನ್ನು ನಗದಾಗಿ ತೆಗೆದುಕೊಂಡು, ಕೀಲಿಕೈ ಕೊಟ್ಟ. ಶಹಾಪುರ, ಸುರಪುರ, ಯಾದಗಿರಿಗಳಲ್ಲಿ ಈಗ ಮನೆ ಕಟ್ಟುವವರು ಹೆಚ್ಚಾಗಿದ್ದಾರೆ. ಟೈಲ್ಸ್ ಕೊಯ್ಯುವ ಯಂತ್ರವನ್ನೂ ನಾಲ್ಕು ಜನ ಕೆಲಸಗಾರರನ್ನೂ ಕಾರಿನಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ಕೆಲಸ ಹಿಡಿಯಬೇಕೆಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಕಾಗದಗಳನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗುರುಮಿಟಕಲ್ ದಾಟಿದರೆ ತೆಲಂಗಾಣ. ಅಲ್ಲಿಯ ಹೊಲಕ್ಕೂ ಇಲ್ಲಿಯ ಹೊಲಕ್ಕೂ ವ್ಯತ್ಯಾಸವಿಲ್ಲ. ಆಚೆ ನಾರಾಯಣಪೇಟೆಯ ಕಡೆ ಕನ್ನಡ ಆಡುವವರಿದ್ದಾರೆ, ಈಚೆ ತೆಲುಗು ಆಡುವವರಿದ್ದಾರೆ, ಹೆಣ್ಣು ಕೊಟ್ಟು ತರುವ ಸಂಬಂಧ ಎರಡೂ ಕಡೆಗೆ ಇದೆ. 1956ರ ನವೆಂಬರ್ 1ರವರೆಗೆ ಇದೆಲ್ಲವೂ ಒಂದೇ ಹೈದರಾಬಾದ್ ಸಂಸ್ಥಾನದ, ಆಮೇಲೆ ಒಂದೇ ಹೈದರಾಬಾದ್ ರಾಜ್ಯದ ನೆಲ. 1860ರಲ್ಲಿ ಸುರಪುರವು ನಿಜಾಮರ ಕೈಗೆ ಹೋದ ಮೇಲೆ ಸುರಪುರದ ಬಂಡಿಯು ಹೈದರಾಬಾದಿಗೆ ಹೋಗುವಾಗ ಯಾವ ಗಡಿಯನ್ನೂ ದಾಟುತ್ತಿರಲಿಲ್ಲ. ಗಡಿ ಇದ್ದದ್ದು ಇನ್ನೊಂದು ದಿಕ್ಕಿನಲ್ಲಿ: ತಾಳಿಕೋಟೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಅತ್ತ ಹೋಗುವ ಸರಕಿಗೆ ನಿಜಾಮರ ಕರೋಡಗಿರಿ ಇಲಾಖೆಯವರು ಸುಂಕ ಕೇಳುತ್ತಿದ್ದರು. ಈಗ ತಾಳಿಕೋಟೆಯ ಸಂತೆಗೆ ಯಾರ ಅಪ್ಪಣೆಯೂ ಬೇಡ, ಹೈದರಾಬಾದಿನಿಂದ ತಂದ ಮೋಟಾರಿಗೆ ಅಪ್ಪಣೆ ಬೇಕು. ಗಡಿಯು ಅಳಿಯಲಿಲ್ಲ, ಪಡುವಣದಿಂದ ಎದ್ದು ಬಂದು ಮೂಡಣದಲ್ಲಿ ಕುಳಿತಿತು.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ತಿಳಿಯೋಣವೆಂದು 1988ರ ಮೋಟಾರು ವಾಹನ ಕಾಯಿದೆಯನ್ನು ತೆಗೆದು ನೋಡಿದೆ. ಅದರ 46ನೆಯ ಕಲಮು ಓದಿ ಹಿಗ್ಗಿದೆ: ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನಕ್ಕೆ ಭಾರತದಲ್ಲಿ ಬೇರೆಲ್ಲಿಯೂ ನೋಂದಣಿ ಬೇಕಿಲ್ಲ ಎಂದಿದೆ. ಮುಂದಿನ ಕಲಮು ಓದಿದಾಗ ಹಿಗ್ಗು ಇಳಿಯಿತು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ ಹೊಸ ನಂಬರು ಪಡೆಯಬೇಕು. ನಮಗಾದರೆ ಅದು ಕೆಎ-33. ಅದಕ್ಕೆ ಫಾರಂ 27. ಅದರೊಡನೆ ಹಳೆಯ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕು, ಅದು ಫಾರಂ 28. ಮಾರಿದ್ದೇನೆಂದು ಮಾರಿದವನು ಹೇಳುವುದಕ್ಕೆ ಫಾರಂ 29, ಕೊಂಡವನ ಹೆಸರಿಗೆ ಮಾಡುವುದಕ್ಕೆ ಫಾರಂ 30. ಸಾಲವಿದ್ದು ತೀರಿದ್ದರೆ ಫಾರಂ 35. ಇವುಗಳ ಮೇಲೆ ವಿಮೆ, ಹೊಗೆಯ ತಪಾಸಣೆಯ ಚೀಟಿ, ತೆರಿಗೆಯ ರಸೀದಿ, ವಿಳಾಸದ ಪುರಾವೆ, ಚಾಸಿಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ತೆಗೆದ ಸಂಖ್ಯೆಯ ಅಚ್ಚು. ಈ ಕೊನೆಯದೊಂದೇ ಕಾಕಾನಿಗೆ ಹಿಡಿಸಿದ ಕೆಲಸ. ಕೈಕೆಲಸ ಬಲ್ಲವನಲ್ಲವೇ, ಒಂದೇ ಸಲಕ್ಕೆ ಅಚ್ಚುಕಟ್ಟಾಗಿ ತೆಗೆದುಕೊಟ್ಟ.

"ತಮ್ಮಾ, ನೀ ಓದಿದಾಂವ ಇದ್ದಿ, ನೀನೂ ಬಾ" ಎಂದು ಕಾಕಾ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ನಾನು ಬಿ.ಎ. ಓದುತ್ತಿರುವುದು ಅವನಿಗೆ ಬಹಳ ದೊಡ್ಡದು. ಅಲ್ಲಿಯ ಒಂದು ಕಚೇರಿಯ ಕಿಟಕಿಯ ಮುಂದೆ ನಿಂತಾಗ ನನ್ನ ಓದಿನ ಬೆಲೆ ನನಗೆ ತಿಳಿಯಿತು. ನೋಂದಣಿ ಪತ್ರದಲ್ಲಿ ಒಂದು ಬ್ಯಾಂಕಿನ ಹೆಸರು ಇನ್ನೂ ಉಳಿದಿದೆ ಎಂದು ಗುಮಾಸ್ತರು ಹೇಳಿದರು. ಗುತ್ತೇದಾರ ಸಾಲ ತೀರಿಸಿ ವರ್ಷಗಳಾಗಿದ್ದವು. ಬ್ಯಾಂಕು ಕೊಟ್ಟ ಪತ್ರವೂ ಇತ್ತು. ಆದರೆ ಆ ಪತ್ರದ ಅವಧಿ ಮುಗಿದಿತ್ತು. ಸಾಲ ತೀರಿದೆ ಎಂಬ ಸತ್ಯಕ್ಕೆ ಅವಧಿ ಇರಬಲ್ಲುದೆಂದು ನಾನು ತರ್ಕಶಾಸ್ತ್ರದಲ್ಲಿ ಓದಿರಲಿಲ್ಲ. ತೀರಿದ ಸಾಲವು ಮತ್ತೆ ತೀರಿದೆಯೆಂದು ಬರೆಸಿಕೊಂಡು ಬರಲು ಹೋದರೆ, ಆ ಶಾಖೆಯು ಬೇರೊಂದು ಶಾಖೆಯಲ್ಲಿ ಲೀನವಾಗಿತ್ತು. ಅಂದು ಸಂಜೆಯ ರೈಲಿನಲ್ಲಿ ಮರಳಿದೆವು. ಕಾಕಾನಿಗೆ ಎರಡು ದಿನದ ಕೂಲಿ ಹೋಯಿತು. ನನಗೆ ಎರಡು ದಿನದ ಹಾಜರಿ ಹೋಯಿತು.

ಹೀಗೆ ನಾಲ್ಕು ಸಲ ಹೋದೆವು. ಎಲ್ಲವನ್ನೂ ಹೇಳಿ ವಾಚಕರನ್ನು ಬೇಸರಪಡಿಸಲಾರೆ. ಒಂದನ್ನು ಮಾತ್ರ ಹೇಳಬೇಕು. ಈಗ ಅರ್ಜಿಗಳನ್ನು ಗಣಕಯಂತ್ರದ ಮೂಲಕವೇ ಹಾಕುವ ಏರ್ಪಾಡು ಇದೆ, ಅದು ಒಳ್ಳೆಯದೇ. ಕಿಟಕಿಗಳ ಮುಂದೆ ನಿಲ್ಲುವುದು ಎಷ್ಟೋ ತಪ್ಪಿದೆ. ಆದರೆ ಪ್ರತಿ ಹೆಜ್ಜೆಗೂ ಒಂದು ಗುಪ್ತ ಸಂಖ್ಯೆ ಬರುತ್ತದೆ, ಅದು ಬರುವುದು ಹಳೆಯ ಮಾಲೀಕನ ಫೋನಿಗೆ. ಶಹಾಪುರದ ಒಂದು ಗಣಕ ಕೇಂದ್ರದಲ್ಲಿ ನಾನು ಕುಳಿತು, "ಸೇಠಜೀ, ನಂಬರ್ ಬಂತೇನ್ರಿ?" ಎಂದು ಕಾಕಾ ಫೋನಿನಲ್ಲಿ ಕೇಳುವುದು, ಗುತ್ತೇದಾರ ಊಟದಲ್ಲಿದ್ದರೆ, ನಿದ್ರೆಯಲ್ಲಿದ್ದರೆ, ಮದುವೆಯ ಮನೆಯಲ್ಲಿದ್ದರೆ ಸಂಖ್ಯೆಯ ಆಯುಷ್ಯ ಮುಗಿಯುವುದು. ಪೂರ್ತಿ ಹಣ ಕೊಟ್ಟು ಕೊಂಡ ವಸ್ತುವಿಗಾಗಿ ಕಾಕಾ ಹಳೆಯ ಯಜಮಾನನಿಗೆ ಮತ್ತೆ ಆಳಾದ. ಗುತ್ತೇದಾರ ಒಳ್ಳೆಯ ಮನುಷ್ಯನಾದುದರಿಂದ ಸಿಟ್ಟಾಗಲಿಲ್ಲ. ಕೆಟ್ಟವನಾಗಿದ್ದರೆ ಏನು ಮಾಡಬೇಕಿತ್ತೆಂಬುದಕ್ಕೆ ಯಾವ ಫಾರಮಿನಲ್ಲಿಯೂ ಉತ್ತರವಿಲ್ಲ.

ಇಷ್ಟರಲ್ಲಿ ಕಾರನ್ನು ದಾರಿಯಲ್ಲಿ ಮೂರು ಸಲ ತಡೆದರು. ಹೊರರಾಜ್ಯದ ನಂಬರು, ಕಾಗದದಲ್ಲಿ ಬೇರೆಯವನ ಹೆಸರು. ತಡೆದವರನ್ನು ನಾನು ದೂರಲಾರೆ. ಆದರೆ ಮೂರನೆಯ ಸಲ ಕೆಲಸಗಾರರ ಎದುರಿಗೆ "ಯಾರದು ಗಾಡಿ?" ಎಂದು ಕೇಳಿದಾಗ, "ನಂದರಿ" ಎನ್ನುವುದಕ್ಕೆ ಕಾಕಾ ತಡವರಿಸಿದನಂತೆ. ಅಂದಿನಿಂದ ಒಂದು ತಿಂಗಳು ಕಾರು ಬೇವಿನ ಗಿಡದ ಕೆಳಗೆ ನಿಂತಿತು. ಕೊಯ್ಯುವ ಯಂತ್ರವನ್ನು ಹೆಗಲ ಮೇಲಿಟ್ಟುಕೊಂಡು ಅವನು ಬಸ್ಸಿನಲ್ಲಿ ಸುರಪುರಕ್ಕೆ ಹೋಗತೊಡಗಿದ.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ನೋವುಂಟುಮಾಡಿದ್ದು ಕಾಯಿದೆಯು ಕಠಿಣವಾಗಿದೆ ಎಂಬುದಲ್ಲ. ಕಾಯಿದೆಯು ದಯೆಯುಳ್ಳದ್ದಾಗಿದ್ದೂ ಆ ದಯೆಯು ಕಿಟಕಿಯವರೆಗೆ ಬರುವುದಿಲ್ಲ ಎಂಬುದು. 48ನೆಯ ಕಲಮನ್ನು ನೋಡಿರಿ. ವಾಹನವು ಕಳವಿನದಲ್ಲವೆಂದು ಪೊಲೀಸರಿಂದ ಬರಹದ ವರದಿಯನ್ನು ತರಿಸಿಕೊಳ್ಳಬೇಕಾದವರು ನೋಂದಣಿ ಅಧಿಕಾರಿಗಳು ಎಂದು ಅಲ್ಲಿ ಸ್ಪಷ್ಟವಾಗಿದೆ. ನಮ್ಮಿಂದ ಅದನ್ನು ತರಿಸಿದರು. ಅರ್ಜಿ ಕೊಟ್ಟು ಮೂವತ್ತು ದಿನಗಳೊಳಗೆ ಇಲ್ಲವೆಂದು ಹೇಳದಿದ್ದರೆ ಪತ್ರವನ್ನು ಕೊಟ್ಟಂತೆಯೇ ಭಾವಿಸತಕ್ಕದ್ದು ಎಂದೂ ಅದೇ ಕಲಮಿನಲ್ಲಿದೆ. ಎಂಥ ಉದಾರ ವಾಕ್ಯ! ಆದರೆ ಭಾವಿಸಿದ ಪತ್ರವನ್ನು ಯಾವ ಕಿಟಕಿಯಲ್ಲಿ ತೋರಿಸಬೇಕು? "ಕಾಯಿದೆಯ ಪ್ರಕಾರ ನಮಗೆ ಎನ್‌ಓಸಿ ಸಿಕ್ಕಿದೆ" ಎಂದು ನಾನು ಹೇಳಿದಾಗ ಗುಮಾಸ್ತರು ನಕ್ಕು, "ಹಾಗಾದರೆ ಅದರ ನಕಲು ಕೊಡಿ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಕಂಪ್ಯೂಟರಿನಲ್ಲಿ ಸಂಖ್ಯೆ ಇಲ್ಲದೆ ಅವರಾದರೂ ಏನು ಮಾಡಬಲ್ಲರು?

ಈ ಮಾತನ್ನು ವಸತಿಗೃಹದಲ್ಲಿ ಚರ್ಚಿಸಿದಾಗ ನನ್ನ ಗೆಳೆಯನೊಬ್ಬ ಎದುರು ವಾದ ಹೂಡಿದ. ಕಾಗದ ಕೇಳದಿದ್ದರೆ ಒಂದು ರಾಜ್ಯದಲ್ಲಿ ಕದ್ದ ಮೋಟಾರು ಇನ್ನೊಂದು ರಾಜ್ಯದಲ್ಲಿ ಸಭ್ಯವಾಗಿ ಓಡಾಡುತ್ತದೆ. ರಸ್ತೆ ಹಾಕುವುದು ಕರ್ನಾಟಕ, ತೆರಿಗೆ ಮುಟ್ಟುವುದು ತೆಲಂಗಾಣಕ್ಕೆ ಎಂದರೆ ಹೇಗೆ ಎಂದ. ಎರಡೂ ಮಾತು ನಿಜ. ತಪಾಸಣೆ ಬೇಡವೆಂದು ನಾನು ಹೇಳುತ್ತಿಲ್ಲ, ತೆರಿಗೆ ಕೊಡೆನೆಂದು ಕಾಕಾನೂ ಹೇಳುತ್ತಿಲ್ಲ. ಕರ್ನಾಟಕದಲ್ಲಿ ಹೊಸ ಕಾರಿಗೆ ಆಜೀವ ತೆರಿಗೆಯು ಬೆಲೆಗೆ ತಕ್ಕಂತೆ ಶೇಕಡ 13ರಿಂದ 18ರವರೆಗೆ ಇದೆ, ಅದರ ಮೇಲೆ ಉಪಕರ; ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ 'ಆಜೀವ'ವೆಂದರೆ ಯಾರ ಜೀವ? ಕಾರಿನ ಆಯುಷ್ಯಕ್ಕೆಂದು ಒಮ್ಮೆ ತೆರಿಗೆ ಕಟ್ಟಿ ಆಗಿದೆ. ಗಡಿ ದಾಟಿದೊಡನೆ ಅದು ಸತ್ತು ಪುನರ್ಜನ್ಮ ಪಡೆಯಿತೆಂದು ತಿಳಿಯಬೇಕೆ? ಮೊದಲ ರಾಜ್ಯಕ್ಕೆ ಅರ್ಜಿ ಹಾಕಿ ಉಳಿದ ಅವಧಿಯ ಹಣ ಮರಳಿ ಕೇಳಬಹುದು, ನಿಜ. ಆದರೆ ಹೊಸ ನಂಬರು ಬಂದ ಮೇಲೆಯೇ ಕೇಳಬೇಕು. ಅಂದರೆ ಇಲ್ಲಿ ಮೊದಲು ಕಟ್ಟಬೇಕು, ಅಲ್ಲಿ ಆಮೇಲೆ ಕೇಳಬೇಕು. ನಡುವಿನ ಕಾಲಕ್ಕೆ ಹಣವಿದ್ದವನಿಗೆ ಇದು ಬರಿಯ ಕಿರಿಕಿರಿ, ಇಲ್ಲದವನಿಗೆ ಬಡ್ಡಿ.

ರಾಜ್ಯಶಾಸ್ತ್ರದ ತರಗತಿಯಲ್ಲಿ ಸಂವಿಧಾನದ ಏಳನೆಯ ಅನುಸೂಚಿಯನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಅದರಲ್ಲಿ ವಾಹನದ ಮೇಲಿನ ತೆರಿಗೆ ರಾಜ್ಯಪಟ್ಟಿಯ 57ನೆಯದು. ಆದರೆ ಸಮವರ್ತಿ ಪಟ್ಟಿಯ 35ನೆಯದನ್ನು ಗಮನಿಸಿದವರು ಕಡಿಮೆ: ಯಂತ್ರಚಾಲಿತ ವಾಹನಗಳು, ಮತ್ತು ಅವುಗಳ ಮೇಲೆ ಯಾವ ತತ್ವದಿಂದ ತೆರಿಗೆ ಹಾಕಬೇಕೆಂಬುದು, ಸಂಸತ್ತೂ ಶಾಸನ ಮಾಡಬಹುದಾದ ವಿಷಯ. ಒಮ್ಮೆ ಕಟ್ಟಿದ ತೆರಿಗೆಯು ವಾಹನದ ಬೆನ್ನಿಗೆ ಬರಲಿ, ರಾಜ್ಯಗಳು ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳಲಿ ಎಂಬ ತತ್ವವನ್ನು ಹಾಕಲು ಬಾಗಿಲು ತೆರೆದೇ ಇದೆ. 2017ರ ಜುಲೈ 1ರಿಂದ ಸರಕಿನ ತೆರಿಗೆಯಲ್ಲಿ ಇಂಥ ಹಂಚಿಕೆ ನಡೆಯುತ್ತಲೂ ಇದೆ. ಕಾಕಾ ಹಾಸುವ ಟೈಲ್ಸ್ ಗುಜರಾತದಿಂದ ಶಹಾಪುರಕ್ಕೆ ಬರುತ್ತವೆ. ಅವುಗಳಿಗೆ ಯಾರೂ ಗಡಿಯಲ್ಲಿ ಎರಡನೆಯ ಸಲ ತೆರಿಗೆ ಕೇಳುವುದಿಲ್ಲ.

2021ರ ಸೆಪ್ಟೆಂಬರಿನಿಂದ ಸರಕಾರವು 'ಬಿಹೆಚ್' ಎಂಬ ಭಾರತ ಸರಣಿಯ ನಂಬರನ್ನು ತಂದಿದೆ. ಅದಿದ್ದರೆ ರಾಜ್ಯ ಬದಲಾದಾಗ ನಂಬರು ಬದಲಿಸಬೇಕಿಲ್ಲ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಬಹಳ ಒಳ್ಳೆಯ ಯೋಜನೆ. ಯಾರಿಗೆ? ಸೈನ್ಯದವರಿಗೆ, ಸರಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ನೌಕರರಿಗೆ. ಟೈಲ್ಸ್ ಮೇಸ್ತ್ರಿಗೆ ನಾಲ್ಕು ರಾಜ್ಯಗಳಲ್ಲಿ ಕಚೇರಿ ಎಲ್ಲಿಂದ ಬರಬೇಕು? ನಾಲ್ಕು ರಾಜ್ಯಗಳಲ್ಲಿ ಅವನು ಹಾಸಿದ ನೆಲ ಮಾತ್ರ ಇದೆ. ಹೊಟ್ಟೆಯ ಪಾಡಿಗಾಗಿ ಗಡಿ ದಾಟುವವರಲ್ಲಿ ಯಾದಗಿರಿಯ ಕೂಲಿಯವರಿಗಿಂತ ಮುಂದೆ ಯಾರಿದ್ದಾರೆ? ಅವರನ್ನು ನೆನೆದು ಈ ಸರಣಿಯನ್ನು ಮಾಡಲಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಯುರೋಪದ ಮಾತನ್ನೂ ಇಲ್ಲಿ ಹೇಳಬಹುದು. ಅಲ್ಲಿ ಒಕ್ಕೂಟದ 27 ದೇಶಗಳಿವೆ, ಹಲವು ಭಾಷೆಗಳಿವೆ. ಒಂದು ದೇಶದ ಕಾರನ್ನು ಇನ್ನೊಂದಕ್ಕೆ ಒಯ್ದು ನೆಲೆಸಿದರೆ ಅಲ್ಲಿಯೂ ಹೊಸ ನೋಂದಣಿ ಬೇಕು, ಅಲ್ಲಿಯವರೂ ಗೊಣಗುತ್ತಾರೆ; ಡೆನ್ಮಾರ್ಕಿನ ನೋಂದಣಿ ತೆರಿಗೆಯು ದುಬಾರಿ ಕಾರಿಗೆ ಅದರ ಬೆಲೆಯನ್ನೇ ಮೀರಬಹುದೆಂದರೆ ನಮ್ಮದೇ ಸೌಮ್ಯವೆನ್ನಬೇಕು. ಆದರೆ ಒಂದು ಸಣ್ಣ ಜಾಣತನ ಅವರಲ್ಲಿದೆ. 1999ರ ಒಂದು ನಿರ್ದೇಶದಂತೆ ಎಲ್ಲ ದೇಶಗಳ ನೋಂದಣಿ ಪತ್ರದಲ್ಲಿಯೂ ಪ್ರತಿಯೊಂದು ವಿವರಕ್ಕೆ ಒಂದೇ ಅಕ್ಷರದ ಗುರುತು ಇರುತ್ತದೆ. ಪತ್ರವು ಯಾವ ಭಾಷೆಯಲ್ಲಿಯೇ ಇರಲಿ, 'ಇ' ಅಕ್ಷರದ ಮುಂದೆ ಇರುವುದು ಚಾಸಿಯ ಸಂಖ್ಯೆ. ಬೇರೆ ಬೇರೆ ದೇಶಗಳು ಒಬ್ಬರ ಕಾಗದವನ್ನೊಬ್ಬರು ಓದಲು ಹೀಗೆ ಕಲಿತವು. ನಮ್ಮಲ್ಲಿ ದೇಶ ಒಂದೇ, ಕಾಯಿದೆ ಒಂದೇ. ಹೈದರಾಬಾದಿನ ದಾಖಲೆಯಲ್ಲಿ ಏನಿದೆಯೆಂದು ಕಾಗದದಲ್ಲಿ ಬರೆಸಿಕೊಂಡು ಬರಲು ಸುಮಾರು ಇನ್ನೂರು ಕಿಲೋಮೀಟರ್ ದೂರ ಮನುಷ್ಯನನ್ನು ಓಡಿಸುವುದೇಕೆ? ಹಿಂದಿನ ಕಾಲದಲ್ಲಿ ಕಾಗದವು ಮನುಷ್ಯನಿಗಾಗಿ ಓಡಾಡುತ್ತಿತ್ತು. ಅದನ್ನು ಟಪಾಲು ಎನ್ನುತ್ತಿದ್ದರು.

ಮೂವತ್ತು ದಿನ ಕಳೆದೊಡನೆ ಭಾವಿಸಿದ ಪತ್ರವು ತಾನಾಗಿಯೇ ಅಚ್ಚಾಗಿ ಹೊರಬೀಳುವಂತೆ ಮಾಡಿದರೆ ಸಾಕು, ಕಾಯಿದೆಯಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ. ನನ್ನ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ನಮ್ಮ ಎನ್‌ಓಸಿ ಕಳೆದ ತಿಂಗಳು ಬಂತು. ತೆರಿಗೆಯ ಹಣಕ್ಕೆ ಸಣ್ಣವ್ವನ ಕೊರಳಿನ ಸರ ಬ್ಯಾಂಕಿನಲ್ಲಿ ಅಡವಿದೆ. ಅದನ್ನು ಅವಳು ತಾನಾಗಿಯೇ ಬಿಚ್ಚಿ ಕೊಟ್ಟಳು, ಯಾರೂ ಕೇಳಿರಲಿಲ್ಲ. ಹನ್ನೆರಡನೆಯ ತಿಂಗಳು ತುಂಬಲು ಇನ್ನು ಒಂಬತ್ತು ದಿನಗಳಿವೆ. ಸೋಮವಾರ ಗಾಡಿಯನ್ನು ತಪಾಸಣೆಗೆ ಯಾದಗಿರಿಗೆ ಒಯ್ಯಬೇಕು. ಮಂಗಳವಾರ ನನಗೆ ಆಂತರಿಕ ಪರೀಕ್ಷೆ. ದಾರಿಯಲ್ಲಿ ಓದಿಕೊಳ್ಳುತ್ತೇನೆಂದು ಹೇಳಿದ್ದೇನೆ. ಈ ಲೇಖನವನ್ನು ಬರೆಯುತ್ತಿರುವಾಗ ಹೊರಗೆ ಕಾಕಾ ಬೇವಿನ ಗಿಡದ ಕೆಳಗೆ ಕಾರು ತೊಳೆಯುತ್ತಿದ್ದಾನೆ. ತೊಳೆದದ್ದು ಇದು ಮೂರನೆಯ ಸಲ. ಎಲೆ ಉದುರುವ ಕಾಲವಾದುದರಿಂದ ಮತ್ತೆ ಮತ್ತೆ ಬೀಳುತ್ತಿವೆ.