ಸುಮ್ಮನಿರುವ ಚಕ್ರವನ್ನು ವಿಚಾರಿಸಿ

ಕಾರು ಇಟ್ಟುಕೊಂಡಿರುವ ಎಲ್ಲ ಬಂಧುಗಳಲ್ಲಿ ಒಂದು ಮನವಿ.

ಬ್ರೇಕ್ ಒತ್ತಿದಾಗ ನಿಮ್ಮ ಗಾಡಿ ಎಡಕ್ಕೋ ಬಲಕ್ಕೋ ಎಳೆಯುತ್ತಿದೆಯೇ? ಹಾಗಿದ್ದರೆ, ಸ್ಟಿಯರಿಂಗನ್ನು ಬಿಗಿ ಹಿಡಿದು ಹೇಗೋ ಹೊಂದಿಸಿಕೊಂಡು ಹೋಗುವ ಅಭ್ಯಾಸವನ್ನು ಇವತ್ತೇ ಬಿಡಿ. ನಾನು ಎರಡು ತಿಂಗಳು ಹಾಗೆ ಓಡಿಸಿದವನು. ಒಂದು ಮಳೆಗಾಲದ ಸಂಜೆ ಚಾರ್ಮಾಡಿ ಘಾಟಿ ಇಳಿಯುವಾಗ ಹಸುವೊಂದು ಅಡ್ಡ ಬಂತು. ಗಟ್ಟಿಯಾಗಿ ಬ್ರೇಕ್ ಒತ್ತಿದೆ. ಗಾಡಿ ನಿಂತದ್ದು ರಸ್ತೆಯ ಬಲಭಾಗದಲ್ಲಿ, ಏರಿ ಬರುತ್ತಿದ್ದ ಬಸ್ಸಿನ ಮೂತಿಯಿಂದ ಒಂದೇ ಮಾರು ದೂರದಲ್ಲಿ. ಹಿಂದಿನ ಸೀಟಿನಲ್ಲಿ ಅಮ್ಮ, ಇಬ್ಬರು ಮಕ್ಕಳು. ಆ ಬಸ್ಸಿನ ಚಾಲಕರು ಸಮಯಕ್ಕೆ ನಿಲ್ಲಿಸಿದ್ದರಿಂದ ನಾವು ಮನೆ ಸೇರಿದೆವು.

ಅದಕ್ಕೆ ಮುಂಚೆ ಗ್ಯಾರೇಜಿಗೆ ಎರಡು ಸಲ ಹೋಗಿದ್ದೆ. ಎರಡು ಸಲವೂ ವೀಲ್ ಅಲೈನ್‌ಮೆಂಟ್ ಮಾಡಿ ಕಳಿಸಿದ್ದರು. ಚಕ್ರ ಬಿಚ್ಚಿರಲಿಲ್ಲ, ಬಿಚ್ಚಿ ಎಂದು ನಾನೂ ಕೇಳಿರಲಿಲ್ಲ. ಘಾಟಿಯ ಘಟನೆಯ ಮರುದಿನ ಹಿರಿಯ ಮೆಕ್ಯಾನಿಕ್ ಒಬ್ಬರು ಎಡ ಮುಂಚಕ್ರ ಕಳಚಿ, ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ ತುಕ್ಕು ಹಿಡಿದು ಜಾಮ್ ಆಗಿದ್ದನ್ನು ತೋರಿಸಿದರು. "ಬಲಕ್ಕೆ ಎಳೀತಿದ್ರೆ ಮೊದ್ಲು ಎಡಗಡೆ ನೋಡ್ಬೇಕು ಸಾರ್" ಎಂದರು.

ಬಂಡಿ ಹೂಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಬಲದ ಎತ್ತು ನಿಂತು ಎಡದ ಎತ್ತು ನಡೆದರೆ ಬಂಡಿ ಬಲಕ್ಕೆ ಹೊರಳುತ್ತದೆ. ಕಾರಿನ ಮುಂಚಕ್ರಗಳ ಲೆಕ್ಕವೂ ಇದೇ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ತಡೆಯುವ ಕೆಲಸದ ದೊಡ್ಡ ಪಾಲು ಮುಂಚಕ್ರಗಳದ್ದು. ಅವೆರಡರಲ್ಲಿ ಒಂದು ಮೈಗಳ್ಳತನ ಮಾಡಿದರೆ ಗಾಡಿ ಇನ್ನೊಂದರ ಕಡೆ ತಿರುಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಅರಗಿಸಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನೂ ನೆನಪಿಡಿ. 40 ಕಿ.ಮೀ. ವೇಗದಲ್ಲಿ ಬೆರಳಿಗಷ್ಟೇ ತಿಳಿಯುವ ಎಳೆತ 80ರಲ್ಲಿ ನಿಮ್ಮನ್ನು ಪಕ್ಕದ ಲೇನಿಗೆ ಒಯ್ಯಬಲ್ಲದು.

ದೋಷ ಹುಡುಕಲು ಆರಂಭದ ಹೆಜ್ಜೆಗಳನ್ನು ನೀವೇ ಇಡಬಹುದು. ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎರಡೂ ಮುಂಚಕ್ರಗಳಲ್ಲಿ ಸಮನಾಗಿರಬೇಕು. ಬಳಿಕ ವಾಹನ ಸಂಚಾರವಿಲ್ಲದ, ಸಮತಟ್ಟಾದ ನೇರ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹೋಗಿ, ಸ್ಟಿಯರಿಂಗ್ ಮೇಲೆ ಕೈ ಹಗುರವಾಗಿಟ್ಟು ಮೆಲ್ಲಗೆ ಬ್ರೇಕ್ ಒತ್ತಿ. ಕೈ ಪೂರ್ತಿ ಬಿಡಬೇಡಿ. ಬ್ರೇಕ್ ಒತ್ತದಿದ್ದಾಗಲೂ ಎಳೆಯುತ್ತಿದ್ದರೆ ಟೈರು, ಅಲೈನ್‌ಮೆಂಟ್ ಅಥವಾ ಬಿಡದೆ ಹಿಡಿದುಕೊಂಡ ಬ್ರೇಕ್ ಕಾರಣವಿರಬಹುದು. ಒತ್ತಿದಾಗ ಮಾತ್ರ ಎಳೆದರೆ ಬ್ರೇಕನ್ನೂ ಲೋವರ್ ಆರ್ಮ್ ಬುಷ್‌ಗಳನ್ನೂ ನೋಡಿಸಬೇಕು.

ಹತ್ತು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಒಂದೊಂದೇ ಮುಂಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಗಾಡಿ ಎಡಕ್ಕೆ ಎಳೆಯುತ್ತಿದ್ದು ಎಡ ಚಕ್ರವೇ ವಿಪರೀತ ಬಿಸಿಯಾಗಿ ಸುಟ್ಟ ವಾಸನೆ ಬಂದರೆ, ಅಲ್ಲಿಯ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಇಲ್ಲವೇ ಬ್ರೇಕ್ ಹೋಸ್ ಒಳಗೇ ಊದಿಕೊಂಡು ಆಯಿಲನ್ನು ವಾಪಸ್ ಬಿಡುತ್ತಿಲ್ಲ. ಬಲ ಚಕ್ರ ಮಾತ್ರ ತಣ್ಣಗಿದ್ದರೆ, ಅದು ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಿ. ಪಿನ್ ಜಾಮ್ ಆಗಿರಬಹುದು, ಆ ಕಡೆಯ ಲೈನಿನಲ್ಲಿ ಗಾಳಿ ಸೇರಿರಬಹುದು, ಹರಿದ ಆಕ್ಸಲ್ ಬೂಟಿನಿಂದ ಗ್ರೀಸ್ ಸಿಡಿದು ಪ್ಯಾಡ್ ಜಾರುತ್ತಿರಬಹುದು. ಚಕ್ರದ ಒಳಮೈಯಲ್ಲಿ ಎಣ್ಣೆಯ ಪಸೆ ಕಂಡರೆ ಗಾಡಿಯನ್ನು ಅಲ್ಲಿಂದ ಮುಂದೆ ಓಡಿಸಬೇಡಿ.

ಮಳೆನೀರಿನಲ್ಲಿ ಹಾದುಬಂದಾಗ ಒಂದೆರಡು ಸಲ ಎಳೆದು, ಬ್ರೇಕ್ ಒಣಗಿದ ಮೇಲೆ ಸರಿಹೋದರೆ ಗಾಬರಿ ಬೇಡ. ಒಣರಸ್ತೆಯಲ್ಲೂ ಎಳೆತ ಉಳಿದರೆ ಅದು ರೋಗ.

ಗ್ಯಾರೇಜಿನಲ್ಲಿ ಸಂಕೋಚಪಡದೆ ನಾಲ್ಕು ಮಾತು ಕೇಳಿ. ಎರಡೂ ಮುಂಚಕ್ರ ಬಿಚ್ಚಿ, ಪ್ಯಾಡ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ ಎನ್ನಿ. ಒಂದು ಸವೆದು ಇನ್ನೊಂದು ಹಾಗೇ ಉಳಿದಿದ್ದರೆ ಕಾರಣ ಅಲ್ಲೇ ಇದೆ. ಪ್ಯಾಡ್ ಬದಲಿಸುವುದಾದರೆ ಎರಡೂ ಕಡೆ ಒಟ್ಟಿಗೆ, ಒಂದೇ ಬಗೆಯದು ಹಾಕಿಸಿ. ಪಿನ್‌ಗಳಿಗೆ ಶಾಖ ತಾಳುವ ಬ್ರೇಕ್ ಗ್ರೀಸ್ ಹಚ್ಚಿಸಿ. ಬ್ರೇಕ್ ಆಯಿಲನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಿ. ಬಹಳಷ್ಟು ಗಾಡಿಗಳಿಗೆ ಅದು 2 ವರ್ಷ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಒತ್ತುತ್ತಲೇ ಇಳಿಯುವವರಿಗೆ ಈ ವ್ಯತ್ಯಾಸ ಜೀವದ ಪ್ರಶ್ನೆ.

"ನಮ್ಮ ಗಾಡಿಯಲ್ಲಿ ಎಬಿಎಸ್ ಇದೆ" ಎಂಬ ಧೈರ್ಯ ಬೇಡ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ತುಕ್ಕು ಹಿಡಿದ ಪಿನ್ನನ್ನು ಸಡಿಲಿಸುವುದಿಲ್ಲ.

ಹಳದಿ ಬೋರ್ಡಿನ ವಾಹನಗಳು ನಿಗದಿತ ಅವಧಿಗೆ ಫಿಟ್‌ನೆಸ್ ಪರೀಕ್ಷೆಗೆ ಹೋಗಲೇಬೇಕು. ನಮ್ಮ ಬಿಳಿ ಬೋರ್ಡಿನ ಹೊಸ ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು. ಅಷ್ಟು ವರ್ಷ ಯಾವ ಆರ್‌ಟಿಒ ಕೂಡ ಬ್ರೇಕ್ ಪರೀಕ್ಷೆಗೆಂದು ನಮ್ಮನ್ನು ಕರೆಯುವುದಿಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ, ಗೊತ್ತಿದ್ದ ಅಥವಾ ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾಗಿದ್ದ ಅಪಾಯಕಾರಿ ದೋಷದೊಂದಿಗೆ ಗಾಡಿ ರಸ್ತೆಗಿಳಿಸುವುದನ್ನು ಅಪರಾಧವೆನ್ನುತ್ತದೆ. ಸ್ಟಿಯರಿಂಗ್ ಕೈಯಲ್ಲಿ ಎಳೆಯುತ್ತಿರುವಾಗ "ನನಗೆ ಗೊತ್ತಿರಲಿಲ್ಲ" ಎನ್ನಲು ಬರುವುದಿಲ್ಲ.

ನಾವು ಎಡಬದಿಯಲ್ಲಿ ಓಡಿಸುವವರು. ಗಾಡಿ ಬಲಕ್ಕೆ ಎಳೆದರೆ ಎದುರು ಬರುವವರ ಮೇಲೆ, ಎಡಕ್ಕೆ ಎಳೆದರೆ ರಸ್ತೆಬದಿ ನಡೆಯುವವರ ಮೇಲೆ. ಎರಡೂ ಕಡೆ ಇರುವುದು ಯಾರದೋ ಮನೆಯ ಮಕ್ಕಳು. ದಯವಿಟ್ಟು ಮುಂದಿನ ಪ್ರಯಾಣಕ್ಕೆ ಮೊದಲು ಒಂದು ಸಲ ಚಕ್ರ ಬಿಚ್ಚಿಸಿ ನೋಡಿಸಿ.