ಬಾಗಿಲು ತಟ್ಟುವ ಕರ್ತವ್ಯ

ಪೊಲೀಸರು ತಾವು ಯಾರೆಂದು ಹೇಳದೆ ಒಳನುಗ್ಗಲು ನ್ಯಾಯಾಲಯವೇ ಅನುಮತಿಸುವ ವಾರಂಟ್ ಪದ್ಧತಿ ಅಮೆರಿಕದಲ್ಲಿದ್ದು, ಅಂಥ ವಾರಂಟ್ ಪಡೆದಿದ್ದ ದಾಳಿಯಲ್ಲಿ 2020ರ ಮಾರ್ಚ್ 13ರಂದು ಲೂಯಿವಿಲ್ ನಗರದ ಬ್ರಿಯೊನಾ ಟೇಲರ್ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 44ನೇ ಕಲಂ, ಬಂಧನಕ್ಕೆ ಬಂದ ಪೊಲೀಸರು ಬಾಗಿಲು ಮುರಿಯುವ ಮುನ್ನ ತಮ್ಮ ಅಧಿಕಾರವನ್ನೂ ಉದ್ದೇಶವನ್ನೂ ತಿಳಿಸಿ ಪ್ರವೇಶ ಕೇಳಬೇಕೆನ್ನುತ್ತದೆ. 105ನೇ ಕಲಂ ಶೋಧದ ದೃಶ್ಯ-ಧ್ವನಿ ಮುದ್ರಣವನ್ನು ವಿಧಿಸುತ್ತದೆ. ಹುಳುಗಳಿಗೆ ಸೊಪ್ಪು ಹಾಕಲು ರಾತ್ರಿಯೂ ಎಚ್ಚರವಿರುವ ಜಂಗಮಕೋಟೆ ಹೋಬಳಿಯ ರೇಷ್ಮೆ ಮನೆಗೆ ಪೊಲೀಸರು ತಾವು ಯಾರೆಂದು ಹೇಳದೆ ಏಕಾಏಕಿ ನುಗ್ಗಿದರೆ, ಕಳ್ಳರೆಂದು ಬಗೆದ ಮನೆಯವರು ಸೊಪ್ಪು ಕೊಯ್ಯುವ ಕುಡುಗೋಲನ್ನೇ ಎತ್ತಬಹುದು, ಆಗ ಇಬ್ಬದಿಯ ಜೀವಕ್ಕೂ ಅಪಾಯ. ಮೊದಲೇ ತಿಳಿಸಿದರೆ ಸಾಕ್ಷ್ಯ ನಾಶವಾದೀತೆಂಬ ಆತಂಕ ಸುಳ್ಳಲ್ಲವಾದರೂ ಅದು ಪ್ರಾಣಕ್ಕಿಂತ ದೊಡ್ಡದಲ್ಲ. ಠಾಣಾಧಿಕಾರಿಗಳು ಈ ಎರಡು ಕಲಂಗಳನ್ನು ಪ್ರತಿ ದಾಳಿಯಲ್ಲೂ ಅಕ್ಷರಶಃ ಪಾಲಿಸಬೇಕು.